ದೊಡ್ಡಪೇಟೆಯಲ್ಲಿ ಹಳೇ ಸಾರೋಟು ಮನೆ ಮಾರಾಟಕ್ಕಿದೆ: ಅಡ್ವಾನ್ಸ್ ಕೊಡೋ ಮೊದಲು ಏನು ನೋಡಬೇಕು?

ಪೇಟೆಮನೆ (ಪ್ರಶ್ನೆ):

ಚಿತ್ರದುರ್ಗದ ದೊಡ್ಡಪೇಟೆಯ ಓಣಿಯೊಂದರಲ್ಲಿ ಹಳೇ ಸಾರೋಟು ಮನೆ (ಕುದುರೆಗಾಡಿ ನಿಲ್ಲಿಸುತ್ತಿದ್ದ ಕಟ್ಟಡ) ಮಾರಾಟಕ್ಕಿದೆ. ಮೊದಲು ಮುಂದಿನ ದೊಡ್ಡ ಮನೆಗೆ ಸೇರಿದ್ದು, ಪಾಲಾದ ಮೇಲೆ ಬೇರೆ ಖಾತೆಯಾಗಿದೆ. ಹೊರ ಅಳತೆ 22 ಅಡಿ ಅಗಲ, 38 ಅಡಿ ಉದ್ದ. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಮುಂದೆ ಒಂಬತ್ತಡಿ ಅಗಲದ ಬಾಗಿಲು, ಅದರ ತಲೆಮೇಲೆ ಮರದ ತೊಲೆ. ಹಿಂದಿನ ಅರ್ಧದಲ್ಲಿ ಹುಲ್ಲು ಒಟ್ಟುತ್ತಿದ್ದ ಅಟ್ಟ, ಅದರ ಕೆಳಗೆ ಎರಡು ಕುದುರೆ ಕಟ್ಟುವ ಜಾಗ ಮತ್ತು ಕಲ್ಲಿನ ಗೋದಲಿ. ನೆಲವೆಲ್ಲ ಚಪ್ಪಡಿ. ಬಾಗಿಲ ಎರಡೂ ಮಗ್ಗುಲಿಗೆ ಮೊಣಕಾಲೆತ್ತರದ ಕಲ್ಲು ನೆಟ್ಟಿದ್ದಾರೆ. ಎಡಗಡೆಯ ಕಲ್ಲು ಚಕ್ರದ ಗುಂಬ (ನಡುವಿನ ಉಬ್ಬು) ಉಜ್ಜಿ ಉಜ್ಜಿ ಕನ್ನಡಿ ಹಾಗೆ ನುಣುಪಾಗಿದೆ.

ಮಾರುವವರು "ಕೆಡವಿ ಮೂರು ಅಂತಸ್ತು ಎಬ್ಬಿಸಬಹುದು" ಅಂತಾರೆ. ಕೆಡವುವ ಮನಸ್ಸಿಲ್ಲ, ಸಣ್ಣ ಕಚೇರಿಗೆ ಆಗುವಂತೆ ರಿಪೇರಿ ಮಾಡಿದರೆ ಸಾಕು. ಅಟ್ಟ ತೆಗೆದು ಒಳಗೆ ಎತ್ತರ ಬಿಡಿಸೋದು, ಹೆಂಚಿನ ಬದಲು ಆರ್‌ಸಿಸಿ ಹಾಕೋದು, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಇಷ್ಟು ಯೋಚನೆ ಇದೆ. ಗೋಡೆ ಬುಡದಲ್ಲಿ ಮೂರಡಿ ಎತ್ತರದವರೆಗೆ ಸಿಮೆಂಟ್ ಗಿಲಾವು ಉದುರುತ್ತಿದೆ. ಪೈಪ್ ಸೋರಿಕೆ ಅಂದರು, ಆದರೆ ಆ ಕಡೆ ಪೈಪೇ ಇಲ್ಲ. ಕಾಗದಪತ್ರ ಮತ್ತು ಕೆಲಸ ಎರಡೂ ತಿಳಿದವರು ಹೇಳಿ.

ಚಕ್ಕುಬಂದಿ:

ಬೆಲೆ ಮಾತಾಡೋಕೆ ಮುಂಚೆ ದೂರ ಅಳೆಯಿರಿ ಸರ್. ದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಬೆಟ್ಟದ ಮೇಲಿನ ಬತೇರಿಯಿಂದ ಲೆಕ್ಕ ಹಾಕಿ "ದೂರ ಇದೆ ಬಿಡಿ" ಅನ್ನೋರು ಇದ್ದಾರೆ, ಅದು ತಪ್ಪು. ಏಳು ಸುತ್ತಿನ ಕೋಟೆಯ ಹೊರಸುತ್ತು ಊರೊಳಗೇ ಬಂದಿದೆ. ನಿಮ್ಮ ಓಣಿಗೆ ಹತ್ತಿರದ ಸಂರಕ್ಷಿತ ಎಲ್ಲೆ ಯಾವುದು ಅಂತ ಇಲಾಖೆಯಲ್ಲೇ ವಿಚಾರಿಸಿ.

100 ಮೀಟರ್ ಒಳಗಿದ್ದರೆ ಹೊಸದಾಗಿ ಕಟ್ಟೋಕೆ ಅನುಮತಿ ಸಿಗೋಲ್ಲ. ಮರುನಿರ್ಮಾಣವೂ ಇಲ್ಲ. ಅಂದರೆ ಕೆಡವಿ ಅದೇ ಅಳತೆಗೆ, ಅದೇ ಎತ್ತರಕ್ಕೆ ಕಟ್ಟೋದೂ ಆಗೋಲ್ಲ. ರಿಪೇರಿ ಮತ್ತು ನವೀಕರಣಕ್ಕೆ ಮಾತ್ರ ಅವಕಾಶ, ಅದೂ ಕಟ್ಟಡ 1992ರ ಜೂನ್ 16ಕ್ಕೆ ಮೊದಲೇ ಇತ್ತು ಅಂತ ತೋರಿಸಿದರೆ. ಹಳೇ ಕಂದಾಯ ರಸೀದಿ, ನಗರಸಭೆಯ ಅಸೆಸ್‌ಮೆಂಟ್ ರಿಜಿಸ್ಟರಿನ ದೃಢೀಕೃತ ನಕಲು, ಹಳೇ ವಿಭಾಗಪತ್ರ ಇವನ್ನು ಮಾರುವವರ ಕೈಯಿಂದಲೇ ಪಡೆಯಿರಿ. ಕ್ರಯ ಆದಮೇಲೆ ಯಾರೂ ಹುಡುಕಿಕೊಡೋಲ್ಲ. ಅರ್ಜಿ ಕೊಟ್ಟ ಮೇಲೆ ಕಾನೂನಿನ ಗಡುವು ಮೂರು ಹಂತದ್ದು: ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸೋಕೆ 15 ದಿನ, ಅವರ ಶಿಫಾರಸಿಗೆ ಎರಡು ತಿಂಗಳು, ನಿಮಗೆ ಉತ್ತರ ತಿಳಿಸೋಕೆ ಒಂದು ತಿಂಗಳು. ಕರಾರುಪತ್ರದ ಅವಧಿ ಇದಕ್ಕಿಂತ ಕಡಿಮೆ ಬರೆಸಬೇಡಿ. ಅನುಮತಿ ಇಲ್ಲದೆ ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಹಾಗಾಗಿ 100 ಮೀಟರ್ ಒಳಗಿದ್ದರೆ ನೀವು ದುಡ್ಡು ಕೊಡ್ತಿರೋದು ನಿಂತಿರೋ ಗೋಡೆಗೆ. ಅದು ಬಿದ್ದರೆ ಕಟ್ಟುವ ಹಕ್ಕೂ ಅದರ ಜೊತೆಗೇ ಹೋಯಿತು.

ಉಳಿದ ಕಾಗದ: ಇ-ಖಾತೆ ಆಗಿದೆಯಾ ನೋಡಿ. ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತೆ, ಅದಕ್ಕೆ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕೈಬರಹದ ಪುಸ್ತಕ ತೆಗೆಸಬೇಕು. ಪಾಲಾದ ಆಸ್ತಿ ಅಂದಿರಿ. ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಸಹಿಯೂ ಬಿದ್ದಿದೆಯಾ ನೋಡಿ. ಸಾರೋಟು ಮನೆಗಳಲ್ಲಿ ವಿಶೇಷವಾಗಿ ಎಡವೋದು ಓಣಿ ಹಕ್ಕಿನಲ್ಲಿ. ಎಲ್ಲಾ ಒಂದೇ ಮನೆತನದ್ದಾಗಿದ್ದಾಗ ದಾರಿ ಯಾರದು ಅಂತ ಯಾರೂ ಬರೆದಿಡಲಿಲ್ಲ. ವಿಭಾಗಪತ್ರದಲ್ಲಿ ಓಣಿಯ ಅಗಲ, ಗಾಡಿ ಓಡಾಟದ ಹಕ್ಕು, ಸೂರಿನ ನೀರು ಎಲ್ಲಿ ಬೀಳಬೇಕು ಅನ್ನೋದು ಇಲ್ಲದಿದ್ದರೆ ಮುಂದಿನ ಮನೆಯವರಿಂದ ಬರೆಸಿ, ನೋಂದಣಿ ಮಾಡಿಸಿಕೊಳ್ಳಿ.

ಗಾರೆಕೆಲಸ:

ಚಕ್ಕುಬಂದಿ ಅವರು ಹೇಳಿದ ಮೇಲೆ ನಿಮ್ಮ ಮೂರೂ ಯೋಚನೆ ಬದಲಾಗಬೇಕು. ಆ ಮೂರರಿಂದಲೂ ಗೋಡೆ ಕೆಡುತ್ತೆ.

ಮೊದಲು ಅಟ್ಟ. ಅದು ಬರೀ ಹುಲ್ಲಿಡೋಕೆ ಹಾಕಿದ್ದಲ್ಲ. ಇಳಿಜಾರು ಮಾಡು (ಛಾವಣಿ) ಗೋಡೆಯ ತಲೆಯನ್ನು ಹೊರಕ್ಕೆ ನೂಕುತ್ತಿರುತ್ತೆ, ಅಟ್ಟದ ತೊಲೆಗಳು ಎರಡೂ ಗೋಡೆಯನ್ನು ಹಿಡಿದುಕೊಂಡಿವೆ. ಹಲಗೆ ಬೇಕಾದರೆ ತೆಗೆಯಿರಿ, ತೊಲೆ ಮುಟ್ಟಬೇಡಿ. ಅಟ್ಟವಿಲ್ಲದ ಮುಂದಿನ ಅರ್ಧದಲ್ಲಿ ತೂಗುಗುಂಡು ಬಿಟ್ಟು ನೋಡಿ. ಗೋಡೆ ಎರಡು ಇಂಚಿಗಿಂತ ಹೆಚ್ಚು ವಾಲಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಮುಂದೆ ಹೋಗಬೇಡಿ. ಕಲ್ಲುಮಣ್ಣಿನ ಗೋಡೆ ಎರಡು ಪದರದ್ದು. ಸುತ್ತಿಗೆಯಲ್ಲಿ ತಟ್ಟಿದಾಗ ಡೊಳ್ಳು ಶಬ್ದ ಬಂದರೆ ಪದರ ಬಿಟ್ಟಿದೆ ಅಂತ ಅರ್ಥ. ಅಲ್ಲಿ ಎತ್ತರಕ್ಕೆ ಎರಡಡಿಗೊಂದು, ಅಡ್ಡಕ್ಕೆ ನಾಲ್ಕಡಿಗೊಂದರಂತೆ ಆರಪಾರ ಕಲ್ಲು (ಗೋಡೆಯ ಎರಡೂ ಮುಖ ಮುಟ್ಟುವ ಉದ್ದದ್ದು) ಸೇರಿಸಬೇಕು. ಒಂದು ಕೂರಿಸಿ ಗಟ್ಟಿಯಾದ ಮೇಲೇ ಇನ್ನೊಂದು ತೂತು. ಬಿರುಕಿದ್ದರೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ.

ಬಾಗಿಲ ಮೇಲಿನ ತೊಲೆ ನಡುವೆ ಗಟ್ಟಿ ಇರುತ್ತೆ, ಗೋಡೆಯೊಳಗೆ ಹೊಕ್ಕ ತುದಿ ಕೊಳೆತಿರುತ್ತೆ. ಬಲವಾದ ಸ್ಕ್ರೂಡ್ರೈವರ್ ತಗೊಂಡು ಗೋಡೆ ಸೇರುವ ಜಾಗದಲ್ಲಿ ಒತ್ತಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಬದಲಿಸಲೇಬೇಕು. ಬದಲಿಸುವಾಗ ಎರಡೂ ಮುಖಕ್ಕೆ ಜಾಕ್ ಕೊಟ್ಟು, ಮೇಲಿನ ಗೋಡೆಯಲ್ಲಿ ಮೂರಡಿಗೊಂದು ಅಡ್ಡ ತೊಲೆ ತೂರಿಸಿ ಭಾರ ಇಳಿಸಿಕೊಳ್ಳಬೇಕು. ಹೊಸ ತೊಲೆ ಎರಡೂ ಕಡೆ ಕನಿಷ್ಠ ಒಂಬತ್ತು ಇಂಚು ಗೋಡೆ ಮೇಲೆ ಕೂರಬೇಕು. ತುದಿಯ ಸುತ್ತ ಬೆರಳು ಹೋಗುವಷ್ಟು ಗಾಳಿ ಬಿಡಿ. ಸಿಮೆಂಟ್ ಮೆತ್ತಿ ಮುಚ್ಚಿದರೆ ತೇವ ಒಳಗೇ ನಿಂತು ಮತ್ತೆ ಕೊಳೆಯುತ್ತೆ.

ಈಗ ಉದುರುವ ಗಿಲಾವು. ಅದು ಪೈಪೂ ಅಲ್ಲ, ಬರೀ ನೆಲದ ತೇವವೂ ಅಲ್ಲ, ಕುದುರೆ ಗಂಜಲ. ಎಷ್ಟೋ ವರ್ಷ ಇಂಗಿದ ಗಂಜಲ ಮಣ್ಣಿನಲ್ಲಿ ಪೆಟ್ಲುಪ್ಪಾಗಿ ಗೋಡೆಗೆ ಏರಿರುತ್ತೆ. (ಹಿಂದೆ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಲಾಯದ ಮಣ್ಣಿನಿಂದಲೂ ತೆಗೆಯುತ್ತಿದ್ದರು. ಕೋಟೆಯಲ್ಲಿ ಮದ್ದು ಅರೆಯುತ್ತಿದ್ದ ಬೀಸುಕಲ್ಲುಗಳು ಇವತ್ತಿಗೂ ಇವೆ.) ಬೇಸಿಗೆಯಲ್ಲಿ ಗೋಡೆ ಮೇಲೆ ಬಿಳಿ ಕೂದಲಿನಂತೆ ಏಳುತ್ತೆ, ಬೆರಳಾಡಿಸಿದರೆ ಪುಡಿ. ಮೋಡ ಮುಸುಕಿದ ದಿನ ಅದೇ ಉಪ್ಪು ಗಾಳಿಯ ತೇವ ಹೀರಿ ಒದ್ದೆ ಕಲೆಯಾಗುತ್ತೆ, ಅದನ್ನೇ ಸೋರಿಕೆ ಅಂದುಕೊಳ್ತಾರೆ. ಸಿಮೆಂಟ್ ಗಿಲಾವು ಹಾಕಿದರೆ ತೇವಕ್ಕೆ ಹೊರಗೆ ಬರೋಕೆ ದಾರಿ ಇಲ್ಲದೆ ಇನ್ನೂ ಮೇಲಕ್ಕೆ ಏರುತ್ತೆ. ಮೂರಡಿ ಇದ್ದದ್ದು ಐದಡಿ ಆಗುತ್ತೆ. ಟೈಲ್ಸ್ ಹಾಕಿದರೂ ಅದೇ ಕಥೆ, ನೆಲ ಮುಚ್ಚಿದ ತೇವವೆಲ್ಲ ಗೋಡೆಗೆ ಹೋಗುತ್ತೆ.

ಮಾಡಬೇಕಾದ್ದು ಹೀಗೆ. ಕಲೆ ನಿಂತ ಗೆರೆಯಿಂದ ಇನ್ನೂ ಒಂದೂವರೆ ಅಡಿ ಮೇಲಕ್ಕೆ ಸಿಮೆಂಟ್ ಗಿಲಾವು ಪೂರ್ತಿ ಕೆರೆಯಿರಿ. ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ, ಮೊರದಲ್ಲಿ ಹಿಡಿದು ಹೊರಗೆ ಹಾಕಿ. ನೀರಲ್ಲಿ ತೊಳೆದರೆ ಕರಗಿ ವಾಪಸ್ ಒಳಗೇ ಹೋಗುತ್ತೆ. ಸಂದಿನ ಸತ್ತ ಮಣ್ಣನ್ನು ಒಂದು ಇಂಚು ಆಳ ತೆಗೆದು ಸುಣ್ಣದ ಗಾರೆ ತುಂಬಿ. ಆಮೇಲೆ ಒಂದು ಪಾಲು ಕನಿಷ್ಠ 15 ದಿನ ನೆನೆದ ಸುಣ್ಣದ ಮುದ್ದೆಗೆ ಮೂರು ಪಾಲು ದಪ್ಪ ಮರಳು, ಎರಡು ಕೈ (ಪದರ) ಸೇರಿ 20 ಮಿ.ಮೀ. ಗಿಲಾವು. ನಿಮ್ಮ ಒಳಗೋಡೆ ಬಾಗಿಲು ಬಿಟ್ಟು ಸುಮಾರು 95 ಅಡಿ ಸುತ್ತಳತೆ. ನಾಲ್ಕೂವರೆ ಅಡಿ ಎತ್ತರಕ್ಕೆ ಮರಳು 35 ಘನ ಅಡಿ, ಸುಣ್ಣದ ಮುದ್ದೆ 12 ಘನ ಅಡಿ ಹಿಡಿಯುತ್ತೆ. ಏಪ್ರಿಲ್, ಮೇ ಬಿಸಿಲಲ್ಲಿ ಈ ಕೆಲಸ ಹಿಡಿಯಬೇಡಿ. ಹಿಡಿದರೆ ಒಂದು ವಾರ ಒದ್ದೆ ಗೋಣಿಚೀಲ ಇಳಿಬಿಟ್ಟಿರಬೇಕು, ಇಲ್ಲದಿದ್ದರೆ ಸುಣ್ಣ ಕಚ್ಚದೆ ಪುಡಿಯಾಗುತ್ತೆ. ಈ ಗಿಲಾವು ಉಪ್ಪು ಹೀರೋಕೇ ಇರೋದು. ಒಂದೆರಡು ವರ್ಷಕ್ಕೆ ಅದೂ ಉದುರುತ್ತೆ, ಕೆರೆದು ಇನ್ನೊಮ್ಮೆ ಹಾಕಿ. ಎರಡನೇ ಸಲ ಉಪ್ಪು ಎಷ್ಟೋ ಇಳಿದಿರುತ್ತೆ. ಸುಣ್ಣ ಬಳಿಯಿರಿ, ಪ್ಲಾಸ್ಟಿಕ್ ಪೇಂಟ್ ಬೇಡ.

ನೆಲದ ಚಪ್ಪಡಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ ಎಬ್ಬಿಸಿ. ಕುದುರೆ ಕಟ್ಟುತ್ತಿದ್ದ ಭಾಗದಲ್ಲಿ ಒಂಬತ್ತು ಇಂಚು ಮಣ್ಣು ತೆಗೆದು ಹೊರಗೆ ಸಾಗಿಸಿ, ಆರು ಇಂಚು 40 ಎಂಎಂ ಜಲ್ಲಿ, ಮೇಲೆ ಮೂರು ಇಂಚು ಸುಣ್ಣದ ಕಾಂಕ್ರೀಟ್, ಮತ್ತೆ ಅದೇ ಚಪ್ಪಡಿ. ಗೋಡೆಯ ತಳಪಾಯದ ಪಕ್ಕ ಒಂದೂವರೆ ಅಡಿ ಬಿಟ್ಟು ಅಗೆಯಿರಿ, ಬುಡ ಬಯಲಾದರೆ ಗೋಡೆ ಕೂರುತ್ತೆ.

ಹೆಂಚು-ರೀಪು (ದಾವಣಗೆರೆ):

ಆರ್‌ಸಿಸಿ ಮಾತು ಬಿಡ್ರಿ. ಐದು ಇಂಚಿನ ಸ್ಲ್ಯಾಬ್ ಚದರಡಿಗೆ ಮೂವತ್ತು ಕೆಜಿ ಹತ್ರ ಬರ್ತೈತಿ, ಹೆಂಚು, ರೀಪು (ಹೆಂಚು ಕೂರೋ ಮರದ ಪಟ್ಟಿ) ಸೇರಿ ಆರೇಳು ಕೆಜಿ. ಮಣ್ಣಿನ ಗೋಡೆ ಅಷ್ಟು ಭಾರಕ್ಕೆ ಕಟ್ಟಿದ್ದಲ್ಲ. ಮೇಲಾಗಿ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿ ಗೋಡೆ ತಲೆ ಸೀಳ್ತೈತಿ.

ನಿಮ್ಮ ಅಳತೆಗೆ 30 ಡಿಗ್ರಿ ಇಳಿಜಾರು, ಒಂದೂವರೆ ಅಡಿ ಸೂರು ಹಿಡಿದರೆ ಎರಡೂ ಕಡೆ ಸೇರಿ ಸುಮಾರು 1150 ಚದರಡಿ ಮಾಡು. ನೂರು ಚದರಡಿಗೆ 145 ಹೆಂಚು, ಒಡೆಯೋದು ಸೇರಿಸಿ 1850 ಲೆಕ್ಕ ಇಟ್ಕೊಳ್ರಿ. ಹಳೇ ಹೆಂಚು ಇಳಿಸಿ ಒಂದೊಂದನ್ನೂ ಬೆರಳಗಂಟಿನಿಂದ ತಟ್ರಿ. ಕಂಚಿನ ಹಂಗೆ ಕಣಕಣ ಅಂದ್ರೆ ಇಟ್ಕೊಳ್ರಿ, ಬೊದ್ದು ಸದ್ದು ಬಂದ್ರೆ ಬ್ಯಾಡ. ಹೊಸ ಹೆಂಚು ತರೋ ಮುಂಚೆ ಹಳೇದನ್ನ ಒಂದು ಕೈಯಾಗ ಹಿಡ್ಕೊಂಡು ಹೋಗ್ರಿ. ಬೇರೆ ಬೇರೆ ಕಾರ್ಖಾನೆ ಹೆಂಚಿನ ಕಚ್ಚು ಒಂದಕ್ಕೊಂದು ಕೂರಂಗಿಲ್ಲ, ಸಂದಿನಾಗೆ ನೀರು ಇಳೀತೈತಿ. ಅದಕ್ಕೇ ಹೊಸಾದು ಒಂದು ಕಡೆ ಮಾಡಿಗೆ, ಹಳೇದು ಇನ್ನೊಂದು ಕಡೆಗೆ ಹಾಕ್ರಿ, ಬೆರೆಸಬ್ಯಾಡ್ರಿ. ರೀಪು ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿಗೊಂದು, ಆದ್ರೆ ನಾಲ್ಕು ಹೆಂಚು ನೆಲದ ಮೇಲೆ ಜೋಡಿಸಿ ಅಳೆದೇ ಹೊಡೀರಿ. ದುರ್ಗದ ಆಷಾಢದ ಗಾಳಿಗೆ ಸೂರಿನ ಕಡೆಯ ಎರಡು ಸಾಲು ಹಾರ್ತಾವ, ಆ ಹೆಂಚನ್ನ ತಾಮ್ರದ ತಂತಿಯಿಂದ ರೀಪಿಗೆ ಬಿಗೀರಿ. ಬೆಳಕಿಗೆ ಅಲ್ಲಲ್ಲಿ ಗಾಜಿನ ಹೆಂಚು ಸಾಕು.

ಪೇಟೆಮನೆ:

ತುಂಬಾ ಉಪಕಾರವಾಯಿತು. ಆರ್‌ಸಿಸಿ, ಟೈಲ್ಸ್ ಎರಡೂ ಕೈಬಿಟ್ಟಿದ್ದೇವೆ. ಅಟ್ಟದ ಒಂದು ತೊಲೆಗೆ ಗೆದ್ದಲಿನ ಮಣ್ಣುಗೆರೆ ಏರಿದೆ. ಗೋದಲಿ ಇರುವ ಗೋಡೆಯಿಂದಲೇ ಬಂದ ಹಾಗಿದೆ.

ಗಾರೆಕೆಲಸ:

ಗೆರೆ ಒರೆಸಿಬಿಡಬೇಡಿ, ಎಲ್ಲಿಂದ ಎದ್ದಿದೆ ಅಂತ ಅದೇ ತೋರಿಸೋದು. ಗೋಡೆ ಬುಡಕ್ಕೆ ಚಪ್ಪಡಿ ಸಂದಿನಲ್ಲಿ ಅಡಿಗೊಂದು 12 ಎಂಎಂ ತೂತು, ಒಂದೊಂದಕ್ಕೆ ಒಂದು ಲೀಟರ್ ಔಷಧಿ ನೀರು. ಇಮಿಡಾಕ್ಲೋಪ್ರಿಡ್ ಅನ್ನೋ ಗೆದ್ದಲು ಔಷಧಿ 30.5% ನದಾದರೆ ಲೀಟರ್ ನೀರಿಗೆ 2.1 ಮಿ.ಲೀ. ನಿಮಗೆ ಸುಮಾರು 95 ತೂತು, 200 ಮಿ.ಲೀ. ಔಷಧಿ ಸಾಕು. ಹಿತ್ತಲಲ್ಲಿ ಬಾವಿ ಇದ್ದರೆ ಆ ಮಗ್ಗುಲಿಗೆ ಹಾಕಿಸಬೇಡಿ. ನೆಲ ಎಬ್ಬಿಸೋದಿದ್ದರೆ ಅದಾದ ಮೇಲೆ ಹಾಕಿಸಿ, ಮೊದಲೇ ಹಾಕಿದರೆ ಔಷಧಿಯೆಲ್ಲ ಆ ಮಣ್ಣಿನ ಜೊತೆ ಹೊರಗೆ ಹೋಗುತ್ತೆ.

ಚಕ್ಕುಬಂದಿ:

ಒಂದು ಬಿಟ್ಟುಹೋಗಿತ್ತು. ಬಾಗಿಲ ಮಗ್ಗುಲಿನ ಆ ಎರಡು ಕಲ್ಲು ಗೋಡೆಯ ಗೆರೆಯಿಂದ ಹೊರಗೆ, ಓಣಿಯೊಳಗೆ ಇರಬೇಕು. ಚರಂಡಿ ಕೆಲಸ ಬಂದರೆ ಮೊದಲು ಕೀಳೋದು ಅವನ್ನೇ. ಕ್ರಯಪತ್ರದ ನಕ್ಷೆಯಲ್ಲಿ ಅಳತೆ ಸಮೇತ ಅವನ್ನು ಗುರುತು ಮಾಡಿಸಿ, ಷೆಡ್ಯೂಲಿನಲ್ಲಿ "ಬಾಗಿಲಿನ ಎರಡೂ ಬದಿಯ ನೆಟ್ಟ ಕಲ್ಲುಗಳು ಸಹಿತ" ಅಂತ ಬರೆಸಿ. ರಿಪೇರಿ ಅರ್ಜಿಗೆ ಕೊಡುವ ಫೋಟೋಗಳಲ್ಲೂ ಅವು ಕಾಣಲಿ.