ಅಪ್ಪನ ಸಾದಾ ಬದುಕು ಬರೆದಿಡಬೇಕು ಅನ್ನಿಸಿದೆ, ಯಾರಿಗೆ ಬೇಕು ಅಂತಾರೆ ಅವರು

ಪರ್ಸಿಮನೆ, ಕಲಬುರಗಿ:
ನಮ್ಮಪ್ಪ ಶಹಾಬಾದ್ ಕಡೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿಯಲ್ಲಿ ದುಡಿದವರು. 1972ರ ಬರಗಾಲದಲ್ಲಿ ಆಳಂದ ಕಡೆಯ ಹಳ್ಳಿ ಬಿಟ್ಟು ಬಂದಾಗ ಅವರಿಗೆ 14 ವರ್ಷ. ಈಗ ಮನೆಯಲ್ಲೇ ಇರುತ್ತಾರೆ, ಮಾತು ಕಡಿಮೆ. ಆದರೆ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಾರೆ. ಹೋದ ತಿಂಗಳು ಒಂದು ಮದುವೆಗೆ ಹೋಗಿದ್ವಿ. ಎಲ್ಲರೂ ಊಟಕ್ಕೆ ಎದ್ದರೆ ಇವರು ಮಂಟಪದ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೆರಳ ಗೆಣ್ಣಿನಿಂದ ನೆಲ ಬಡಿಯುತ್ತಿದ್ದರು. "ನಮ್ ಕಡೀದೇ ಅದ" ಅಂದು ಎದ್ದು ಬಂದರು.

ಇದನ್ನೆಲ್ಲ ಬರೆದಿಡೋಣ ಅಂದರೆ "ನಾ ಏನ್ ದೊಡ್ಡ ಕೆಲ್ಸಾ ಮಾಡೀನಿ? ಯಾರ್ ಓದ್ತಾರ ಇದನ್ನ" ಅಂತಾರೆ. ನಿಜ ಹೇಳಬೇಕೆಂದರೆ ನನಗೂ ಅದೇ ಅನುಮಾನ. ಹೋರಾಟ ಮಾಡಿದವರಲ್ಲ, ಬಹುಮಾನ ಬಂದವರಲ್ಲ. ಇಂಥ ಬದುಕನ್ನ ನಾಲ್ಕು ಜನರ ಮುಂದೆ ಇಟ್ಟು ಏನು ಉಪಯೋಗ? ನಿಮ್ಮಲ್ಲಿ ಯಾರಾದರೂ ಮನೆಯವರ ಕತೆ ಬರೆದಿದ್ದೀರಾ?

ಭೀಮಾದಂಡೆ:
ಬರೀರಿ. ಕೇಳದೆ ಕೆಟ್ಟವಳು ನಾನು. ನಮ್ಮ ಆಯಿ, ಅಂದರೆ ಅಜ್ಜಿ, ವರ್ಷಗಳನ್ನ ಇಸವಿಯಲ್ಲಿ ಎಣಿಸುತ್ತಿರಲಿಲ್ಲ. "ನಿಮ್ಮಪ್ಪ ಗದ್ದಲದ ಹಿಂದಿನ ವರ್ಷ ಹುಟ್ಟಿದಾಂವ" ಅಂತಿದ್ದಳು. ಗದ್ದಲ ಅಂದರೆ ಹೈದರಾಬಾದ್ ನಿಜಾಮನ ಪರ ಇದ್ದ ಖಾಸಗಿ ದಂಡು ರಜಾಕಾರರ ಹಾವಳಿ. ಪುಸ್ತಕದಲ್ಲಿ 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮ ಶರಣಾದ, 5 ದಿನದಲ್ಲಿ ಮುಗೀತು ಅಂತ ಇರುತ್ತೆ. ಆಯಿಯ ಗದ್ದಲ ಹಲವು ತಿಂಗಳದ್ದು. ಜೋಳ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಮುಚ್ಚಿ, ಮೇಲೆ ಸೆಗಣಿ ಸಾರಿಸಿ, ಎಮ್ಮೆಯ ಹಗ್ಗ ಬಿಚ್ಚಿ ಬಿಟ್ಟು, ರಾತ್ರೋರಾತ್ರಿ ಸೊಲ್ಲಾಪುರದ ಕಡೆ ನಡೆದದ್ದು. ವಾಪಸ್ ಬಂದಾಗ ಎಮ್ಮೆ ಮೈ ತುಂಬಿಕೊಂಡು ಮನೆ ಮುಂದೆಯೇ ನಿಂತಿತ್ತಂತೆ. ಇದನ್ನ ನೂರು ಸಲ ಕೇಳಿದ್ದೇನೆ. ಅಷ್ಟು ತಿಂಗಳು ಯಾರೋ ಮೇವು ಹಾಕಿರಲೇಬೇಕು ಅಲ್ವಾ? ಯಾರು ಅಂತ ಒಂದು ಸಲವೂ ಕೇಳಲಿಲ್ಲ. 2011ರಲ್ಲಿ ಆಯಿ ಹೋದಳು. ಆ ಎಮ್ಮೆ ಮಾತ್ರ ಇವತ್ತಿಗೂ ನನ್ನ ತಲೆಯಲ್ಲಿ ಸುಮ್ನೆ ನಿಂತಿದೆ.

ಕೋಟೆಮಣ್ಣು, ಬೀದರ್:
ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೇಜಾರಾಗಬೇಡಿ. ಅಪ್ಪಂದಿರ ಬಗ್ಗೆ ಬರುವ ಬರಹ ಓದಿ ಓದಿ ಸಾಕಾಗಿದೆ. ಕಷ್ಟಪಟ್ಟರು, ಹರಿದ ಅಂಗಿ ಹಾಕಿಕೊಂಡರು, ನಮ್ಮನ್ನ ಓದಿಸಿದರು, ಕೊನೆಗೆ ಕಣ್ಣೀರು. ಹೆಸರು ಬದಲಿಸಿದರೆ ಯಾರಪ್ಪನಾದರೂ ಆಗ್ತಾನೆ. ನೀವು ಬರೆದದ್ದರಲ್ಲಿ ನನ್ನನ್ನ ಹಿಡಿದದ್ದು ಆ ಬೆರಳ ಗೆಣ್ಣು. ಅಂಥವು ಹೇಳಿ. ದಿನಕ್ಕೆ ಎಷ್ಟು ಕಲ್ಲು ಏಳುತ್ತಿತ್ತು, ಕೂಲಿ ದಿನಕ್ಕಾ ಕಲ್ಲಿಗಾ, ಆ ಬಿಸಿಲಲ್ಲಿ ಬುತ್ತಿ ಎಲ್ಲಿ ಕೂತು ಬಿಚ್ಚುತ್ತಿದ್ದರು.

ನಮ್ಮ ಕಾಕಾ ಬಿದ್ರಿ ಕೆಲಸದವರು. ಸತು-ತಾಮ್ರ ಬೆರೆಸಿ ಎರಕ, ಅದರಲ್ಲಿ ಬೆಳ್ಳಿ ಕೂರಿಸೋದು, ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಇಷ್ಟು ಯಾವ ಅಂಗಡಿಯ ಚೀಟಿಯಲ್ಲೂ ಸಿಗುತ್ತೆ. ಆದರೆ ಮಣ್ಣು ಸರಿಯಾದದ್ದೋ ಅಲ್ಲವೋ ಅಂತ ಕಾಕಾ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ನನಗೂ ಒಮ್ಮೆ ಚಿಟಿಕೆ ಕೊಟ್ಟರು. ಏಳು ವರ್ಷದ ಹುಡುಗ, ಉಗುಳಿಬಿಟ್ಟೆ. "ಸರೀ ಅದನೋ ಇಲ್ಲೋ, ಅದು ಹೇಳು ಮೊದ್ಲ" ಅಂತ ತಲೆಗೊಂದು ಮೊಟಕಿದರು.

ಯಾದಗಿರಿ ಮೇಷ್ಟ್ರು:
ಪೆಟ್ಟು ತಿಂದು ಕಲಿತ ಒಂದು ಮಾತು. ನನ್ನ ಟಿಸಿಎಚ್ ಶಿಕ್ಷಕ ತರಬೇತಿಯ ಫೀಸಿಗೆ ಅವ್ವ ಕೊರಳಿನ ಬೋರಮಾಳ ಅಡ ಇಟ್ಟಿದ್ದನ್ನ ಬರೆದು ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು. ಅವ್ವ ಮಾತ್ರ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಡ ಇಟ್ಟ ಸುದ್ದಿ ತವರಿಗೆ ಗೊತ್ತಾಗದ ಹಾಗೆ ಅಷ್ಟು ವರ್ಷ ಮುಚ್ಚಿಟ್ಟಿದ್ದಳು, ನಾನು ಒಂದು ಬೆರಳಲ್ಲಿ ಎಲ್ಲ ತೆರೆದಿಟ್ಟೆ. ಮೂರನೇ ದಿನ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ, "ಬೋರಮಾಳ ಅಲ್ಲೋ ಅದು, ಗುಂಡಿನ ಸರ. ಬರೆಯೋದಿದ್ರ ನೆಟ್ಟಗ ಬರಿ" ಅಂದಳು. ಅಪ್ಪನಿಗೆ ಮೊದಲು ಓದಿ ಹೇಳಿ. ಬೇಡ ಅಂದದ್ದು ಬಿಡಿ. ನಿಮ್ಮ ತಪ್ಪೂ ತಿದ್ದುತ್ತಾರೆ.

ಪರ್ಸಿಮನೆ, ಕಲಬುರಗಿ:
ಎಲ್ಲರಿಗೂ ಥ್ಯಾಂಕ್ಸ್ ರೀ. ಬೀದರ್ ಅಣ್ಣಾ, ನಿಮ್ಮ ಪ್ರಶ್ನೆಯನ್ನೇ ಕೇಳಿದೆ, ಕೂಲಿ ದಿನಕ್ಕಾ ಕಲ್ಲಿಗಾ ಅಂತ. ಕಷ್ಟ ಹೇಳು ಅಂದಾಗ ತೆರೆಯದ ಬಾಯಿ ಕೂಲಿ ಲೆಕ್ಕಕ್ಕೆ ತೆರೆಯಿತು, ತಟ್ಟೆಯಲ್ಲಿದ್ದ ಊಟ ಆರಿ ಹೋಯಿತು. ಪರ್ಸಿ ಪದರ ಪದರವಾಗಿ ಕೂತಿರುತ್ತಂತೆ, ಸಂದಿಗೆ ಉಳಿ ಇಟ್ಟು ಮೆಲ್ಲಗೆ ಹೊಡೆಯುತ್ತಾ ಹೋಗಬೇಕು, ಆಮೇಲೆ ಹಾರೆ. ಬಡಿದಾಗ ಟಣ್ ಅಂದರೆ ಗಟ್ಟಿ, ಬೊದ್ ಅಂದರೆ ಒಳಗೆ ಬಿರುಕು. ಬಿರುಕಿನ ಕಲ್ಲಿಗೆ ಕೂಲಿ ಇಲ್ಲ. ಮದುವೆ ಮಂಟಪದಲ್ಲಿ ನೆಲ ಬಡಿದದ್ದು ಯಾಕೆ ಅಂತ ಈಗ ತಿಳೀತು.

ಜೊತೆಗೆ ಹಾರೆ ಹಿಡಿಯುತ್ತಿದ್ದ ಗೆಳೆಯ ಒಬ್ಬ ಇದ್ದನಂತೆ. ಇಷ್ಟು ವರ್ಷ ಅವನ ಹೆಸರು ನಮ್ಮನೆಯಲ್ಲಿ ಬಂದೇ ಇರಲಿಲ್ಲ. "ಬರಿತಿದ್ರ ಅವನ ಹೆಸರು ಮೊದ್ಲ ಹಾಕು" ಅಂದರು. ಈಗ ಎಲ್ಲಿದ್ದಾನೆ ಅಂದೆ. ಗೊತ್ತಿಲ್ಲ ಅಂದರು. ರವಿವಾರ ಶಹಾಬಾದ್ ಕಡೆ ಕರ್ಕೊಂಡು ಹೋಗು ಅಂತ ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದಾರೆ. ಗಾಡಿ ಸರ್ವಿಸ್‌ಗೆ ಬಿಟ್ಟಿದ್ದೇನೆ, ಶನಿವಾರ ಸಿಗಬೇಕು.