ಪದಚರ್ಚೆ: ಟ್ರಾನ್ಸ್‌ಫಾರ್ಮರಿಗೂ ಕನ್ವರ್ಟರಿಗೂ ‘ಪರಿವರ್ತಕ’ವೇ? ‘ಹಕ್ಕಲು’ ಪದ ಇಲ್ಲಿ ಸಲ್ಲುವುದೇ?

ಮಾನ್ಯರೇ,

ಧಾರವಾಡದ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಅತಿ ಕಡಿಮೆ ವೋಲ್ಟೇಜಿನ ಸರ್ಕಿಟ್‌ಗಳ ಕುರಿತು ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಪಂಪಿನ ಮೋಟಾರು, ಬಿಸಿನೀರಿನ ಕೊಳವೆ ಮೊದಲಾದವುಗಳ ಶಾಖದಿಂದ ದೊರೆಯುವ ಅತ್ಯಲ್ಪ ವಿದ್ಯುತ್ತಿನಿಂದಲೇ ಸೆನ್ಸರ್ ಒಂದನ್ನು ನಡೆಸುವುದು ಅದರ ವಿಷಯ. ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ನಮ್ಮ ಭಾಗದಲ್ಲಿ ವಿದ್ಯುತ್ ಪರಿವರ್ತಕವೆಂದರೆ 11,000 ವೋಲ್ಟನ್ನು 433ಕ್ಕೆ ಇಳಿಸುವ, ರೈತರು ‘ಟಿಸಿ’ ಎಂದು ಕರೆಯುವ ಟ್ರಾನ್ಸ್‌ಫಾರ್ಮರ್. ವಿದ್ಯುತ್ತನ್ನು ಬೇರೆ ವೋಲ್ಟೇಜಿಗೋ ಬೇರೆ ಬಗೆಗೋ ಬದಲಿಸುವ ಇಡೀ ಸರ್ಕಿಟ್ಟಾದ ಕನ್ವರ್ಟರಿಗೂ ಇದೇ ಪದ ಬಳಕೆಯಾಗುತ್ತದೆ. ಬೇರೆ ಪಾಠಗಳಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದು. ಇಲ್ಲಿ ಕನ್ವರ್ಟರಿನ ಒಳಗೇ ಬೆರಳತುದಿಯಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ. ಶಾಖದಿಂದ ಸಿಗುವುದು ಹತ್ತಿಪ್ಪತ್ತು ಮಿಲಿವೋಲ್ಟಿನ ನೇರ ವಿದ್ಯುತ್. ಸಾಮಾನ್ಯ ಸಿಲಿಕಾನ್ ಟ್ರಾನ್ಸಿಸ್ಟರ್ ಪ್ರವಾಹವನ್ನು ಬಿಡಲು ಸುಮಾರು 0.6 ವೋಲ್ಟ್ ಬೇಕು. ಆದ್ದರಿಂದ ಗೇಟಿನಲ್ಲಿ (ಪ್ರವಾಹವನ್ನು ನಿಯಂತ್ರಿಸುವ ತುದಿಯಲ್ಲಿ) ವೋಲ್ಟೇಜ್ ಇಲ್ಲದಿದ್ದಾಗಲೂ ಪ್ರವಾಹವನ್ನು ಬಿಡುವ ಬಗೆಯ ಟ್ರಾನ್ಸಿಸ್ಟರನ್ನು ಆ ಚಿಕ್ಕ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ವಿದ್ಯುತ್ ಒಳಬರುವ) ಸುರುಳಿಗೆ ಜೋಡಿಸಿ, ಸೆಕೆಂಡರಿಯಲ್ಲಿ (ಹೊರಹೋಗುವ ಸುರುಳಿಯಲ್ಲಿ) ಹುಟ್ಟುವ ವೋಲ್ಟೇಜನ್ನು ಅದೇ ಗೇಟಿಗೆ ಮರಳಿಸಿ, ಸರ್ಕಿಟ್ ತಾನಾಗಿಯೇ ಆಂದೋಲಿಸುವಂತೆ, ಅಂದರೆ ಪ್ರವಾಹ ಮತ್ತೆ ಮತ್ತೆ ಏರಿಳಿಯುವಂತೆ ಮಾಡಲಾಗುತ್ತದೆ. ಎಲ್‌ಟಿಸಿ 3108 ಚಿಪ್ಪು ಸುತ್ತುಗಳ ಅನುಪಾತ 1:100 ಇರುವ ಟ್ರಾನ್ಸ್‌ಫಾರ್ಮರಿನೊಂದಿಗೆ 20 ಮಿಲಿವೋಲ್ಟಿನಲ್ಲಿಯೇ ಕೆಲಸ ಆರಂಭಿಸುವುದು ಹೀಗೆ.

ಈಗ ‘ಪರಿವರ್ತಕಕ್ಕೆ ನೇರ ವಿದ್ಯುತ್ ಕೊಡಿ’ ಎಂದು ಬರೆದರೆ, ಟ್ರಾನ್ಸ್‌ಫಾರ್ಮರ್ ನೇರ ವಿದ್ಯುತ್ತಿನಲ್ಲಿ ಕೆಲಸ ಮಾಡದೆಂದು ಶಾಲೆಯಲ್ಲಿಯೇ ಕಲಿತ ವಿದ್ಯಾರ್ಥಿಗೆ ಪಾಠವೇ ತಪ್ಪೆನಿಸುತ್ತದೆ. ‘ಪರಿವರ್ತಕದ ನಷ್ಟ’ ಎಂದರೂ ಅಷ್ಟೇ: ಅದು ಇಡೀ ಸರ್ಕಿಟ್ಟಿನ ನಷ್ಟವೋ, ಸುರುಳಿಯ ತಂತಿಯಲ್ಲಿ ಆಗುವ ನಷ್ಟವೋ? ವಿನ್ಯಾಸಕಾರನಿಗೆ ಈ ವ್ಯತ್ಯಾಸ ಬಹಳ ಮುಖ್ಯ, ಏಕೆಂದರೆ ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ಪ್ರೈಮರಿಯ ರೋಧ ತುಸು ಹೆಚ್ಚಾದರೂ ಆಂದೋಲನವೇ ಆರಂಭವಾಗದಿರಬಹುದು. ವೈಂಡಿಂಗ್ ಅಂಗಡಿಗಳ ರೂಢಿಯಂತೆ ‘ಟ್ರಾನ್ಸ್‌ಫಾರ್ಮರ್’ ಎಂದೇ ಉಳಿಸಿ, ‘ಪರಿವರ್ತಕ’ವನ್ನು ಕನ್ವರ್ಟರಿಗೆ ಮೀಸಲಿಡುವುದು ನನಗೆ ಸರಿ ಕಾಣುತ್ತದೆ.

ಎರಡನೆಯದು, ಹೀಗೆ ಶಕ್ತಿಯನ್ನು ಪಡೆಯುವ ಕ್ರಿಯೆಯ (ಇಂಗ್ಲಿಷಿನ ‘ಎನರ್ಜಿ ಹಾರ್ವೆಸ್ಟಿಂಗ್’) ಹೆಸರು. ‘ಶಕ್ತಿಸಂಗ್ರಹ’ ಎಂದರೆ ಕೂಡಿಡುವುದು. ಅದು ಕೆಪಾಸಿಟರಿನ ಕೆಲಸ. ‘ಕೊಯ್ಲು’ ನಾವು ಬಿತ್ತಿದ ಬೆಳೆಗೆ ಸಲ್ಲುವ ಮಾತು, ಆದರೆ ಮೋಟಾರು ಓಡುವುದು ನಮ್ಮ ಸೆನ್ಸರಿಗಾಗಿ ಅಲ್ಲ. ಜೋಳದ ಕೊಯ್ಲು ಮುಗಿದ ಹೊಲದಲ್ಲಿ ಉಳಿದ ತೆನೆಗಳನ್ನು ಆಯ್ದುಕೊಳ್ಳುವ ‘ಹಕ್ಕಲು’ ಈ ಅರ್ಥಕ್ಕೆ ಹೆಚ್ಚು ಹತ್ತಿರವಾಗಿದೆ. ‘ಶಾಖದ ಹಕ್ಕಲು’, ‘ಹಕ್ಕಲಾಯುವ ಸರ್ಕಿಟ್’ ಎಂಬ ರೂಪಗಳೂ ಸಲೀಸಾಗಿ ಬರುತ್ತವೆ. ಮೈಸೂರು, ಮಂಗಳೂರು ಕಡೆಯ ವಿದ್ಯಾರ್ಥಿಗಳಿಗೆ ಈ ಪದ ವಿವರಣೆಯಿಲ್ಲದೆ ತಿಳಿಯುವುದೇ? ಬಡತನದ ಛಾಯೆ ಅದಕ್ಕೆ ಅಂಟಿಕೊಂಡಿರುವುದರಿಂದ ತಾಂತ್ರಿಕ ಪದವಾಗಿ ಹಿಂಜರಿಕೆ ಉಂಟಾದೀತೇ? ಇದಕ್ಕಿಂತ ತಕ್ಕ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಅದು ಕ್ರಿಯಾಪದವಾಗಿ ಹೇಗೆ ಬರುತ್ತದೆ ಎಂಬ ಉದಾಹರಣೆಯೊಂದಿಗೆ ದಯವಿಟ್ಟು ತಿಳಿಸಿರಿ.