ಮೇಸ್ತ್ರಿ ‘ಪಂಚಾಂಗ ಎಷ್ಟು ಎತ್ತರ’ ಅಂತಾರೆ, ಸೂತು, ಬ್ರಾಸು ಅಂತಾರೆ. ಯಾರಾದರೂ ಬಿಡಿಸಿ ಹೇಳಿ

ಹೊಸಮನೆ_ಹೊನ್ನಾವರ:
ಹೊನ್ನಾವರದ ಹತ್ತಿರ 1,100 ಚದರ ಅಡಿಯ ಒಂದು ಮನೆ ಕಟ್ಟಿಸುತ್ತಿದ್ದೇನೆ. ನಾನು ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವನು, ಕಟ್ಟಡದ ಕೆಲಸ ಏನೂ ಗೊತ್ತಿಲ್ಲ. ತೊಂದರೆ ಏನೆಂದರೆ ಸೈಟಿನಲ್ಲಿ ಮೂರು ಭಾಷೆ ನಡೆಯುತ್ತದೆ, ಮೂರೂ ಕನ್ನಡವೇ. ಹಿರಿಯ ಮೇಸ್ತ್ರಿ ಕುಂದಾಪುರ ಕಡೆಯವರು, ಕೆಲಸದವರು ಗದಗ ಕಡೆಯವರು, ಇಂಜಿನಿಯರ್ ಕನ್ನಡದ ತುಂಬ ಇಂಗ್ಲಿಷ್ ಪದಗಳೇ. ಮೊದಲ ದಿನವೇ ಮೇಸ್ತ್ರಿ ‘ಪಂಚಾಂಗ ಎಷ್ಟು ಎತ್ತರ ಮಾಡುವ?’ ಅಂದರು. ಮುಹೂರ್ತದ ವಿಷಯ ಇರಬೇಕು ಅಂದುಕೊಂಡು ‘ಭಟ್ಟರನ್ನ ಕೇಳಿ ಹೇಳುತ್ತೇನೆ’ ಅಂದೆ. ಎಲ್ಲರೂ ನಕ್ಕರು. ಆಮೇಲೆ ‘ಮೂರು ಸೂತಿನ ರಾಡು ತನ್ನಿ’ ಅಂದರು, ನಾನು ಅಂಗಡಿಗೆ ಹೋಗಿ 3 ಎಂಎಂ ಕೇಳಿದೆ, ಅಲ್ಲೂ ನಕ್ಕರು. ಮೊನ್ನೆ ಒಂದು ಟ್ರ್ಯಾಕ್ಟರ್ ಜಲ್ಲಿ ಬಂತು, ‘ಒಂದು ಬ್ರಾಸ್’ ಅಂತ ದುಡ್ಡು ತೆಗೆದುಕೊಂಡು ಹೋದರು. ಅದು ಸರಿಯಾಗಿತ್ತಾ ಇಲ್ಲವಾ ನೋಡುವುದು ಹೇಗೆ ಅಂತಲೂ ಗೊತ್ತಿಲ್ಲ.

ಕಾರವಾರ_ಸೈಟು:
ನಗುವವರು ನಗಲಿ ಮಾರಾಯ್ರೆ, ಎಲ್ಲರೂ ಹೀಗೇ ಕಲಿತದ್ದು. ಪಂಚಾಂಗ ಅಂದರೆ ಪ್ಲಿಂತ್. ಹೊರಗಿನ ಅಂಗಳದಿಂದ ಮನೆಯೊಳಗಿನ ನೆಲದವರೆಗಿನ ಕಟ್ಟೆ. ನಮ್ಮ ಮಳೆಗೆ ಅದರಲ್ಲಿ ಜುಗ್ಗತನ ಮಾಡಬೇಡಿ. ಮುಂದೆ ರಸ್ತೆಗೆ ಮಣ್ಣು ಹಾಕಿ ಎತ್ತರ ಮಾಡಿದರೆ ನಿಮ್ಮ ಅಂಗಳವೇ ಕೆರೆ ಆಗುತ್ತದೆ.

ಒಂದು ಇಂಚಿಗೆ 8 ಸೂತು, ಅಂದರೆ ಒಂದು ಸೂತು 3 ಎಂಎಂಗಿಂತ ಚೂರು ಜಾಸ್ತಿ. 8 ಎಂಎಂ ರಾಡಿಗೆ ಎರಡೂವರೆ ಸೂತು, 10ಕ್ಕೆ ಮೂರು, 12ಕ್ಕೆ ನಾಲ್ಕು, 16ಕ್ಕೆ ಐದು ಅನ್ನುತ್ತಾರೆ. ಲೆಕ್ಕ ಹಾಕಿದರೆ ಪೂರ್ತಿ ಸರಿ ಬರುವುದಿಲ್ಲ, ಬಾಯಿಮಾತಿಗೆ ಅಷ್ಟೆ. ಅಂಗಡಿಯಲ್ಲಿ ಎಂಎಂನಲ್ಲೇ ಹೇಳಿ, ಬಿಲ್ಲಿನಲ್ಲೂ ಹಾಗೇ ಬರೆಸಿ. ರಾಡಿನ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 10 ಎಂಎಂದು ಮೀಟರಿಗೆ ಸುಮಾರು 617 ಗ್ರಾಂ, 12 ಮೀಟರಿನ ಇಡೀ ರಾಡು 7.4 ಕಿಲೋ. ತೀರಾ ಕಡಿಮೆ ತೂಗಿದರೆ ವಾಪಸ್ ಕಳಿಸಿ.

ಬ್ರಾಸ್ ಅಂದರೆ 100 ಘನ ಅಡಿ. ಗಾಡಿ ಖಾಲಿ ಮಾಡುವ ಮೊದಲು ಟೇಪ್ ಹಿಡಿಯಿರಿ. ಗಾಡಿಯ ಡಬ್ಬ 10 ಅಡಿ ಉದ್ದ, 6 ಅಡಿ ಅಗಲ ಇದ್ದು ಜಲ್ಲಿ ಒಂದೂವರೆ ಅಡಿ ಇದ್ದರೆ 90 ಘನ ಅಡಿ ಆಯಿತು, ಬ್ರಾಸಿಗೆ 10 ಕಮ್ಮಿ. ಮೇಲೆ ಗೋಪುರ ಮಾಡಿ ತಂದದ್ದನ್ನು ಮಟ್ಟ ಮಾಡಿಸಿಯೇ ಅಳೆಯಿರಿ.

ಘಟ್ಟದಮೇಲೆ_ಶಿರಸಿ:
ಗದಗದವರ ಮಾತು ನಾನು ಹೇಳುತ್ತೇನೆ, ನಮ್ಮಲ್ಲೂ ಅವರೇ ಬರುವುದು. ಅವರ ಗೌಂಡಿ ಅಂದರೆ ನಮ್ಮ ಮೇಸ್ತ್ರಿ. ಗಿಲಾವು ಅಂದರೆ ಪ್ಲಾಸ್ಟರ್. ಉಸುಕು ಅಂದರೆ ಮರಳು, ನೀವು ಹೊಯ್ಗೆ ಅನ್ನುತ್ತೀರಲ್ಲ, ಅದೇ. ಖಡಿ ಅಂದರೆ ಜಲ್ಲಿ. ಕಲಸಿದ ಸಿಮೆಂಟಿಗೆ ಮಾಲು ಅನ್ನುತ್ತಾರೆ. ‘ಮಾಲು ಗಟ್ಟಿ ಆಯ್ತು, ನೀರು ಬಿಡು’ ಅಂತ ಕೇಳಿಸಿದರೆ ಮಾತ್ರ ಎದ್ದು ಹೋಗಿ ನೋಡಿ. ಕೆಲಸ ಸಲೀಸಾಗಲಿ ಅಂತ ನೀರು ಸುರಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ.

ಗೋಡೆಗೆ ಚಿರೆಕಲ್ಲೇ (ಕೆಂಪು ಜಂಬಿಟ್ಟಿಗೆ ಕಲ್ಲು) ಅಲ್ವಾ? ಆಗಷ್ಟೇ ಕಡಿದದ್ದು ಮೆತ್ತಗೆ ಇರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟ ಹಾಗೆ ಗಟ್ಟಿ ಆಗುತ್ತದೆ. ಇಳಿಸಿದ ದಿನವೇ ಕಟ್ಟಲು ಬಿಡಬೇಡಿ. ಹಂಚಿನ ಮಾಡು ಇದ್ದರೆ ಇಳಿಜಾರಾಗಿ ಬರುವ ಮರ ಪಕಾಸು, ಅದರ ಮೇಲೆ ಅಡ್ಡ ಹೊಡೆಯುವ ಪಟ್ಟಿ ರೀಪು, ಹಂಚು ಕೂರುವುದು ರೀಪಿನ ಮೇಲೆ. ನಮ್ಮ ಹಳೇ ಕೊಟ್ಟಿಗೆಗೆ ರೀಪಿನ ಬದಲು ಅಡಿಕೆ ದಬ್ಬೆಯನ್ನೇ ಹೊಡೆದಿದ್ದರು, ಅದು ಬೇರೆ ಕಥೆ.

ಉಪ್ಪುಗಾಳಿ:
ಎಲ್ಲ ಹೇಳಿದಿರಿ, ಕವರ್ ಒಂದು ಬಿಟ್ಟಿರಿ. ಕರಾವಳಿಯಲ್ಲಿ ಮೊದಲು ಕಲಿಯಬೇಕಾದ ಪದವೇ ಅದು. ಕವರ್ ಅಂದರೆ ರಾಡಿಗೂ ಕಾಂಕ್ರೀಟಿನ ಹೊರಮೈಗೂ ನಡುವಿನ ದಪ್ಪ. ನಮ್ಮ ಮನೆ ಅಂಕೋಲಾದಲ್ಲಿ, ಸಮುದ್ರದಿಂದ ತುಂಬಾ ದೂರವೂ ಇಲ್ಲ. ಕಟ್ಟುವಾಗ ಕವರ್ ಬ್ಲಾಕ್ (ಆ ಅಂತರ ಉಳಿಯಲಿ ಅಂತ ರಾಡಿನ ಕೆಳಗೆ ಇಡುವ ಸಣ್ಣ ಬಿಲ್ಲೆ) ತಂದುಕೊಟ್ಟರೂ ಗುತ್ತಿಗೆದಾರ ರಾಡಿನ ಕೆಳಗೆ ಜಲ್ಲಿ ಚೂರು ಇಟ್ಟು ಸ್ಲ್ಯಾಬ್ ಹಾಕಿಸಿದ, ತುಳಿದಾಗ ಅವೆಲ್ಲ ಜಾರಿದವು. ನಾನೂ ಅಲ್ಲೇ ನಿಂತಿದ್ದೆ, ‘ಸುಮ್ನೆ ಯಾಕೆ ಕಿರಿಕಿರಿ’ ಅಂತ ಬಾಯಿ ಬಿಡಲಿಲ್ಲ. ಈಗ ಜಗಲಿಯ ಸ್ಲ್ಯಾಬಿನಲ್ಲಿ ರಾಡು ತುಕ್ಕು ಹಿಡಿದು ಉಬ್ಬಿ ಕೆಳಗಿನ ಸಿಮೆಂಟು ಹಕ್ಕಳೆ ಹಕ್ಕಳೆಯಾಗಿ ಬೀಳುತ್ತಿದೆ, ಮಕ್ಕಳನ್ನು ಅಲ್ಲಿ ಕೂರಲು ಬಿಡುತ್ತಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರಲ್ಲಿ ಸಾಧಾರಣ ಜಾಗಕ್ಕೆ 20 ಎಂಎಂ ಕವರ್ ಸಾಕು, ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ 45 ಬೇಕು. ನಿಮ್ಮ ನಕ್ಷೆಯಲ್ಲಿ ಎಷ್ಟು ಬರೆದಿದೆ ನೋಡಿ. ಬ್ಲಾಕ್ ನೀವೇ ತನ್ನಿ, ಕಾಂಕ್ರೀಟ್ ಹಾಕುವ ಮೊದಲು ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಕಟ್ಟುವ ಹಲಗೆ) ಮೇಲೆ ಹತ್ತಿ ಕಣ್ಣಾರೆ ನೋಡಿ.

ಕಡಲತೀರದ ಹೊಯ್ಗೆ ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ. ಅದರ ಉಪ್ಪೇ ರಾಡನ್ನು ತಿನ್ನುವುದು. ಕ್ಯೂರಿಂಗ್ ಅಂದರೆ ನೀರು ಹಿಡಿಯುವುದು, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಾದರೆ ಕನಿಷ್ಠ 10 ದಿನ, 14 ಆದರೆ ಇನ್ನೂ ಒಳ್ಳೆಯದು.

ಹೊಸಮನೆ_ಹೊನ್ನಾವರ:
ಇವತ್ತು ಜಲ್ಲಿಯ ಎರಡನೇ ಗಾಡಿ ಬಂತು, ಟೇಪ್ ಹಿಡಿದೆ. 84 ಘನ ಅಡಿ. ಡ್ರೈವರ್ ಮೊದಲು ‘ಎಲ್ಲರಿಗೂ ಇಷ್ಟೇ ಹಾಕುವುದು’ ಅಂದ, ಆಮೇಲೆ ಮಾಲೀಕನಿಗೆ ಫೋನ್ ಮಾಡಿ 84ಕ್ಕೇ ದುಡ್ಡು ತೆಗೆದುಕೊಂಡ. ನಕ್ಷೆ ನೋಡಿದೆ, ಸ್ಲ್ಯಾಬಿಗೆ 20 ಎಂಎಂ ಕವರ್ ಬರೆದಿದೆ. ನಾಳೆ ಇಂಜಿನಿಯರ್ ಹತ್ತಿರ ಅದನ್ನೇ ಕೇಳುವವನಿದ್ದೇನೆ. ಸ್ಲ್ಯಾಬ್ ದಿನ ಕೆಲಸದವರಿಗೆಲ್ಲ ಕೋಳಿ ಊಟ ಹಾಕಬೇಕು ಅಂತ ಮೇಸ್ತ್ರಿ ಈಗಲೇ ಹೇಳಿಟ್ಟಿದ್ದಾರೆ. ಅದೊಂದು ಮಾತ್ರ ಮೂರೂ ಕನ್ನಡದಲ್ಲಿ ಸರಿಯಾಗಿ ಅರ್ಥ ಆಯಿತು.